ತೆಂಗಿನ ತೋಟದ ಕಳೆಗೆ ದ್ವಿದಳ ಹೊದಿಕೆ: ಬಿತ್ತಬೇಕೇ, ಬೇಡವೇ?

ಪರ: ಕಳೆ ಏಳುವ ಜಾಗದಲ್ಲೇ ಗೊಬ್ಬರ ಬೆಳೆಯಲಿ

ತೆಂಗಿನ ಮರಗಳ ನಡುವೆ 25 ಅಡಿ ಅಂತರವಿರುತ್ತದೆ. ಅಷ್ಟು ಬಿಸಿಲು ಬೀಳುವ ನೆಲದಲ್ಲಿ ಮುಂಗಾರು ಹಿಡಿದ ಮೇಲೆ ಏನಾದರೊಂದು ಹುಟ್ಟಿಯೇ ಹುಟ್ಟುತ್ತದೆ. ಕಾಂಗ್ರೆಸ್ ಗಿಡವೋ, ನೆಲ ಹೊದೆಯುವಂತೆ ನಾವೇ ಬಿತ್ತಿದ ಅಲಸಂದೆಯಂಥ ದ್ವಿದಳ ಗಿಡವೋ ಎಂಬ ಆಯ್ಕೆಯಷ್ಟೇ ನಮ್ಮದು. ವೀಡ್ ಕಟರ್ ಹುಲ್ಲಿನ ಬೇರನ್ನು ಉಳಿಸುತ್ತದೆ. ಕಳೆನಾಶಕ ನೆಲವನ್ನು ಬೋಳು ಮಾಡಿ ಮೇಲ್ಮಣ್ಣನ್ನು ಮಳೆಯ ಪಾಲು ಮಾಡುತ್ತದೆ.

ಆರಂಭಕ್ಕೆ ಬುಡದ ಪಾತಿಯೇ ಸಾಕು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಹೇಳಿಕೊಡುವ ಕ್ರಮ ಇದು. ಮೊದಲ ಮಳೆಗೆ ಮರದ ಸುತ್ತ ಆರಡಿಯವರೆಗೆ ಕಳೆ ತೆಗೆದು, ಮಣ್ಣು ಸಡಿಲಿಸಿ, ಪಾತಿಗೆ ಸುಮಾರು 100 ಗ್ರಾಂ ಅಲಸಂದೆ ಬೀಜ ಎರಚಬೇಕು. ಬೀಜಕ್ಕೆ ತಣಿದ ಬೆಲ್ಲದ ಪಾಕದಲ್ಲಿ ರೈಜೋಬಿಯಂ (ಬೇರಿನ ಗಂಟಿನಲ್ಲಿ ಗಾಳಿಯ ಸಾರಜನಕ ಹಿಡಿದುಕೊಡುವ ಜೀವಾಣು) ಹಚ್ಚಿ, ನೆರಳಲ್ಲಿ ಆರಿಸಿ, ಅದೇ ದಿನ ಬಿತ್ತಬೇಕು. ಶಿಲೀಂಧ್ರನಾಶಕ ಸವರಿದ ಬೀಜವಾದರೆ ಜೀವಾಣು ಸಾಯಬಹುದು.

ತಿಂಗಳ ಮೇಲೆ ಒಂದು ಗಿಡ ಕಿತ್ತು ಬೇರಿನ ಗಂಟು ಸೀಳಿ ನೋಡಿ. ಒಳಗೆ ಗುಲಾಬಿ ಬಣ್ಣವಿದ್ದರೆ ಸಾರಜನಕದ ಕೆಲಸ ನಡೆದಿದೆ. ಬಿಳಿಯೋ ಹಸಿರೋ ಆಗಿದ್ದರೆ ಆ ಕೆಲಸ ನಡೆದಿಲ್ಲ, ಹುಳಿ ಮಣ್ಣಿನ ದೋಷವೂ ಇರಬಹುದು. ಜಂಬಿಟ್ಟಿಗೆ ನೆಲದಲ್ಲಿ ಹುಳಿ ಸಾಮಾನ್ಯ, ಅಲ್ಲಿ ಬಿತ್ತನೆಗೆ ಎರಡು ವಾರ ಮೊದಲೇ ಸುಣ್ಣ ಹಾಕಬೇಕು, ಬಿತ್ತುವಾಗ ಶಿಲಾರಂಜಕ (ರಾಕ್ ಫಾಸ್ಫೇಟ್) ಸೇರಿಸಬೇಕು.

ಅರ್ಧದಷ್ಟು ಗಿಡ ಹೂ ಬಿಟ್ಟಾಗ ಕೊಯ್ದು ಪಾತಿಯಲ್ಲೇ ಮಣ್ಣಿಗೆ ಸೇರಿಸಿ. ಕಾಯಿಯ ಆಸೆಗೆ ಬಿಟ್ಟರೆ ಸಾರಜನಕ ಕಾಳಿಗೆ ಹೋಗುತ್ತದೆ, ಕಾಂಡ ನಾರಾಗುತ್ತದೆ. ಹಸಿ ಸೊಪ್ಪಿನಲ್ಲಿ ಶೇ 0.5ರಷ್ಟು ಸಾರಜನಕವೆಂದು ಹಿಡಿದರೆ, ಪಾತಿಯಲ್ಲಿ 20 ಕೆಜಿ ಬಂದಾಗ 100 ಗ್ರಾಂ ಸಿಕ್ಕಿತು.

ಸಾಲುಗಳ ನಡುವೆ ಬಹುಕಾಲದ ಹೊದಿಕೆ ಬೇಕಿದ್ದರೆ ಪ್ಯೂರೇರಿಯಾ ಎಂಬ ದ್ವಿದಳ ಬಳ್ಳಿ ಇದೆ. ಅದರ ಬೀಜದ ಸಿಪ್ಪೆ ಗಟ್ಟಿ, ಹಾಗೇ ಬಿತ್ತಿದರೆ ಬಹುಪಾಲು ಮೊಳೆಯುವುದಿಲ್ಲ. ಕುದಿದ ನೀರನ್ನು ಒಲೆಯಿಂದಿಳಿಸಿ, ಕೈ ಅದ್ದಲಾಗದಷ್ಟು ಬಿಸಿ ಇರುವಾಗ ಬೀಜ ಸುರಿದು ರಾತ್ರಿಯಿಡೀ ಬಿಡಬೇಕು. ಮೊದಲೆರಡು ತಿಂಗಳು ಬಳ್ಳಿ ನಿಧಾನ, ಆಗ ಎರಡು ಸಲ ಕೈಯಲ್ಲೇ ಕಳೆ ಕೀಳಲೇಬೇಕು. ಈ ಕೂಲಿ ಉಳಿಸಲು ಹೋದವರ ತೋಟದಲ್ಲಿ ಕಳೆಯೇ ಗೆಲ್ಲುತ್ತದೆ.

ವಿರೋಧ: ನೀರು, ಪೊಟ್ಯಾಷ್ ಲೆಕ್ಕಕ್ಕೆ ಬರಲಿಲ್ಲ

ಆ 100 ಗ್ರಾಂ ಸಾರಜನಕದಿಂದಲೇ ಶುರು ಮಾಡೋಣ. ಅದೆಲ್ಲವೂ ಗಾಳಿಯಿಂದ ಬಂದದ್ದಲ್ಲ, ಒಂದು ಪಾಲು ಅದೇ ಪಾತಿಯ ಮಣ್ಣಿನದು. ಫಲ ಕೊಡುವ ತೆಂಗಿಗೆ ವರ್ಷಕ್ಕೆ ಶಿಫಾರಸಾಗಿರುವುದು 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1200 ಗ್ರಾಂ ಪೊಟ್ಯಾಷ್. ಅಲಸಂದೆ ಪೊಟ್ಯಾಷನ್ನು ಸೃಷ್ಟಿಸುವುದಿಲ್ಲ, ಮಣ್ಣಿನಿಂದ ತೆಗೆದದ್ದನ್ನೇ ಮರಳಿಸುತ್ತದೆ. ಪಾತಿ ಹಸಿರಾಗಿದೆಯೆಂದು ಗೊಬ್ಬರವನ್ನೇ ನಿಲ್ಲಿಸಿದರೆ ಮೊದಲು ಸೊರಗುವುದು ಮರ.

ಕರಾವಳಿಯ ಮಳೆಗೆ ಹೊಂದುವ ಪಾಠವನ್ನು ಬಯಲುಸೀಮೆಯ ತಿಪಟೂರು, ಅರಸೀಕೆರೆಗೆ ಹಾಗೆಯೇ ತರುವುದೂ ತಪ್ಪು. ಅಲ್ಲಿ ಜೂನ್ ಮಳೆ ನಂಬಿಕೆಯದಲ್ಲ. ಹಿಂಗಾರು ಮುಗಿದ ಮೇಲೂ ನೆಲ ಹೊದ್ದಿರುವ ಬಳ್ಳಿ, ಕೊಳವೆಬಾವಿಯ ನೀರಲ್ಲಿ ಮರದೊಂದಿಗೆ ಪಾಲು ಕೇಳುತ್ತದೆ. ನೀರಿಲ್ಲದೆ ಒಣಗಿದರೆ ಬೇಸಿಗೆಯಲ್ಲಿ ಬೆಂಕಿಗೆ ಹುಲ್ಲಿನ ಬಣವೆಯಷ್ಟೇ ಸುಲಭದ ತುತ್ತು.

ಕಳೆಯ ವಿಷಯದಲ್ಲೂ ಭರವಸೆ ಅತಿಯಾಯಿತು. ಎಳೆಯ ದ್ವಿದಳ ಸೊಪ್ಪು ಬೇಗ ಕೊಳೆಯುತ್ತದೆ, ಗೊಬ್ಬರಕ್ಕೆ ಅದು ಒಳ್ಳೆಯ ಗುಣ, ನೆಲ ಮುಚ್ಚಿಡುವ ಮುಚ್ಚಿಗೆಗೆ ಕೆಟ್ಟದ್ದು. ಕೆಲವು ವಾರಗಳಲ್ಲಿ ಪಾತಿ ಮತ್ತೆ ಬೋಳು. ಜೇಕು, ಗರಿಕೆಗಳ ಗಡ್ಡೆ ಬೇರು ಈ ನೆರಳಿಗೆ ಒಂದೇ ಮಳೆಗಾಲದಲ್ಲಿ ಸಾಯುವುದಿಲ್ಲ. ಪ್ಯೂರೇರಿಯಾ ಎಳೆ ತೆಂಗು, ಕಾಳುಮೆಣಸಿನ ಬಳ್ಳಿಗಳ ಮೇಲೆ ಹತ್ತುತ್ತದೆ, ಮಳೆಗಾಲವಿಡೀ ಬುಡ ಬಿಡಿಸುತ್ತಲೇ ಇರಬೇಕು. ಉದುರಿದ ಕಾಯಿ ದಟ್ಟ ಹೊದಿಕೆಯಲ್ಲಿ ಸಿಗುವುದಿಲ್ಲ, ಹುಡುಕಲು ಕೈ ಹಾಕುವವರಿಗೆ ಹಾವಿನ ಭಯ. ತೋಟದಲ್ಲಿ ಬಾಳೆ, ಕಾಳುಮೆಣಸು ಇದ್ದರೆ ಇನ್ನೂ ಒಂದು ಎಚ್ಚರ: ಅವುಗಳ ಬೇರನ್ನು ಕಾಡುವ ಸೂಕ್ಷ್ಮ ಬೇರುಗಂಟು ಜಂತುಹುಳು (ನೆಮಟೋಡ್) ಅಲಸಂದೆಯಲ್ಲೂ ಚೆನ್ನಾಗಿ ಬೆಳೆಯುತ್ತದೆ. ಅದು ಮಾಡುವ ಗಂಟನ್ನು ಜೀವಾಣುವಿನ ಗಂಟೆಂದು ತಿಳಿಯಬಾರದು. ಜೀವಾಣುವಿನ ಗಂಟು ಬೆರಳಿಗೆ ಸುಲಭವಾಗಿ ಕಳಚುತ್ತದೆ, ಜಂತುಹುಳುವಿನದು ಬೇರೇ ಊದಿಕೊಂಡಿರುವುದು.

ಬಯಲುಸೀಮೆಯ ತೋಟಕ್ಕೆ ಮುಚ್ಚಿಗೆ ತೋಟದಲ್ಲೇ ಬಿದ್ದಿದೆ. ಗರಿಯನ್ನು ಎರಡು ಮೂರು ತುಂಡು ಮಾಡಿ ಪಾತಿಗೆ ಹರಡಿ. ತೆಂಗಿನ ಸಿಪ್ಪೆಯನ್ನು ಗುಂಡಿಗೆ, ಒಳಮೈ ಮೇಲಾಗಿ, ಒತ್ತೊತ್ತಾಗಿ ಜೋಡಿಸಿ ಮಣ್ಣು ಮುಚ್ಚಿ. ಅದು ನೀರು ಹಿಡಿಯುತ್ತದೆ, ವರ್ಷಗಟ್ಟಲೆ ಉಳಿಯುತ್ತದೆ, ಮರ ಕೇಳುವ ಪೊಟ್ಯಾಷೂ ಅದರಲ್ಲಿದೆ.