ಅಪ್ಪನ ನಂಬರು, ಪವರ್‌ಬಾಲ್ ಲೆಕ್ಕ

ಅಮೆರಿಕದ ಪವರ್‌ಬಾಲ್ ಲಾಟರಿಯ ಮೊತ್ತ ಏರಿದಾಗೆಲ್ಲ ಹಾಸನದಿಂದ ಅಪ್ಪನ ಫೋನ್ ಬರುತ್ತದೆ. "ಒಂದು ಟಿಕೆಟ್ ತಗೊಳೋ. ನಂದು, ನಿಮ್ಮಮ್ಮಂದು, ಮಕ್ಕಳದು, ಎಲ್ಲರ ಹುಟ್ಟಿದ ತಾರೀಖು ಹಾಕು." 2007ರಲ್ಲಿ ಕರ್ನಾಟಕದಲ್ಲಿ ಲಾಟರಿ ನಿಂತ ಮೇಲೆ ಅವರ ಆಸೆಯೆಲ್ಲ ನಾನಿರುವ ನ್ಯೂಜೆರ್ಸಿಗೆ ವರ್ಗವಾಗಿದೆ. ಮುಂಚೆ ಬಸ್ ಸ್ಟ್ಯಾಂಡಿನಲ್ಲಿ ಟಿಕೆಟ್ ಕಂತೆ ತಿರುವಿ, ಅಂಕಿ ಕೂಡಿದರೆ ಒಂಬತ್ತು ಬರುವುದನ್ನೇ ಹುಡುಕಿ ತೆಗೆಯುತ್ತಿದ್ದರು.

ಸರಿ ಅಂತ ಪೆಟ್ರೋಲ್ ಬಂಕಿನ ಅಂಗಡಿಗೆ ಹೋಗಿ 2 ಡಾಲರ್ ಕೊಡುತ್ತೇನೆ. ನಾವು ಹಾಕಿದ ನಂಬರಿಗೆ 69 ಬಿಳಿ ಚೆಂಡುಗಳಲ್ಲಿ 5, 26 ಕೆಂಪು ಚೆಂಡುಗಳಲ್ಲಿ 1 ಹೊಂದಬೇಕು, ಅಷ್ಟೇ. ಕೇಳೋಕೆ ಸುಲಭ ಅಲ್ವಾ?

ಶಾಲೆಯಲ್ಲಿ ಬೈದುಕೊಂಡು ಕಲಿತ 'ವಿಕಲ್ಪ'ದ (ಕಾಂಬಿನೇಶನ್) ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ಮೊದಲ ಚೆಂಡು 69ರಲ್ಲಿ ಯಾವುದಾದರೂ ಆಗಬಹುದು, ಎರಡನೆಯದು ಉಳಿದ 68ರಲ್ಲಿ, ಆಮೇಲೆ 67, 66, 65. ಗುಣಿಸಿದರೆ 134 ಕೋಟಿ ದಾಟುತ್ತದೆ. ಆದರೆ ಯಾವ ಚೆಂಡು ಮೊದಲು ಬಿತ್ತು ಅನ್ನೋದು ಲೆಕ್ಕಕ್ಕಿಲ್ಲ. ಅದೇ ಐದು ಚೆಂಡು 120 ಥರ ಸಾಲಾಗಿ ಬಂದರೂ ಟಿಕೆಟ್ ಒಂದೇ. ಅದಕ್ಕೇ 120ರಿಂದ ಭಾಗಿಸಬೇಕು. 1,12,38,513. ಇಡೀ ಆಟದಲ್ಲಿ ನಮಗೆ ಸಿಗುವ ರಿಯಾಯಿತಿ ಇದೊಂದೇ. ಮೇಲೆ ಕೆಂಪು ಚೆಂಡಿನ 26ರಿಂದ ಗುಣಿಸಿದರೆ 29,22,01,338. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಅಂಥ ನಾಲ್ಕೂಮುಕ್ಕಾಲು ಕರ್ನಾಟಕದ ಜನರ ಹೆಸರೆಲ್ಲ ಬರೆದು ಒಂದು ಚೀಟಿ ಎತ್ತಿದ ಹಾಗೆ.

ಇದು ಮೊದಲಿಂದ ಹೀಗಿರಲಿಲ್ಲ. 2015ರ ಅಕ್ಟೋಬರ್‌ವರೆಗೆ ಬಿಳಿ ಚೆಂಡು 59, ಕೆಂಪು 35. ಆಗ ಲೆಕ್ಕ 17 ಕೋಟಿ 52 ಲಕ್ಷಕ್ಕೆ ಒಂದು. ಬಿಳಿ ಜಾಸ್ತಿ ಮಾಡಿ ಕೆಂಪು ಕಡಿಮೆ ಮಾಡಿದರು. ಇದರಲ್ಲೇ ಇರೋದು ಚಾಲಾಕಿತನ. ಕೆಂಪು ಕಡಿಮೆಯಾದ್ದರಿಂದ ಏನೋ ಒಂದು ಚಿಲ್ಲರೆ ಬಹುಮಾನ ಬೀಳುವುದು ಸುಲಭವಾಯಿತು. ಮೊದಲು ಸುಮಾರು 32 ಟಿಕೆಟ್‌ಗೆ ಒಂದು, ಈಗ 25ಕ್ಕೆ ಒಂದು. ದೊಡ್ಡ ಬಹುಮಾನ ಮಾತ್ರ ಇನ್ನೂ ದೂರ ಹೋಯಿತು. ಯಾರಿಗೂ ಹೊಡೆಯದೆ ಮೊತ್ತ ಬೆಳೆಯುತ್ತದೆ, ಬೆಳೆದ ಮೊತ್ತ ನೋಡಿ ಜನ ಮುಗಿಬೀಳುತ್ತಾರೆ. ಮೂರೇ ತಿಂಗಳಲ್ಲಿ, 2016ರ ಜನವರಿಯಲ್ಲಿ, ಅದು 158 ಕೋಟಿ ಡಾಲರ್ ದಾಟಿತ್ತು. ಗಣಿತ ಗೊತ್ತಿದ್ದವರೇ ಕೂತು ಮಾಡಿದ ಕೆಲಸ ಇದು. ನನಗೆ ಸಿಟ್ಟು ಬರೋದು ಅಲ್ಲೇ.

ಅಪ್ಪನ ತಾರೀಖಿನ ವಿಷಯಕ್ಕೆ ಬರೋಣ. ಗೆಲ್ಲುವ ಸಾಧ್ಯತೆ ಎಲ್ಲ ನಂಬರಿಗೂ ಒಂದೇ, ಸುಮ್ನೆ 1, 2, 3, 4, 5 ಹಾಕಿದರೂ ಅಷ್ಟೇ. ಆದರೆ ತಾರೀಖು 31 ದಾಟಲ್ಲ. 31ರೊಳಗಿನ ಐದೈದರ ಜೋಡಣೆ 1,69,911 ಮಾತ್ರ. ಊರೆಲ್ಲ ಅಲ್ಲೇ ನುಗ್ಗುತ್ತದೆ. ಅಕಸ್ಮಾತ್ ಹೊಡೆದರೂ ಹಂಚಿಕೊಳ್ಳಬೇಕು. 2005ರ ಮಾರ್ಚ್‌ನಲ್ಲಿ ಒಂದೇ ಡ್ರಾದಲ್ಲಿ 110 ಜನರಿಗೆ ಎರಡನೇ ಬಹುಮಾನ ಬಂದು ಲಾಟರಿಯವರು ಮೋಸ ಅಂತ ಗಾಬರಿಯಾಗಿದ್ದರು. ನೋಡಿದರೆ ಬಹುತೇಕ ಎಲ್ಲರೂ ಚೈನೀಸ್ ಹೋಟೆಲಿನ ಫಾರ್ಚೂನ್ ಕುಕಿಯೊಳಗಿನ ಚೀಟಿಯ ನಂಬರನ್ನೇ ಹಾಕಿದ್ದರು!

ಇದೆಲ್ಲ ಅಪ್ಪನಿಗೆ ಬಿಡಿಸಿ ಹೇಳಿದೆ. "ಹಾಗಾದ್ರೆ ಬಿಳಿ ಚೆಂಡಿಗೆ 31ರ ಮೇಲಿನದೇ ಹಾಕು" ಅಂದರು. ಹಾಕಿದೆ. ಕೆಂಪು ಚೆಂಡೊಂದು ಹೊಂದಿ 4 ಡಾಲರ್ ಬಂತು.

"ನೋಡ್ದಾ, ಹತ್ರ ಬರ್ತಾ ಇದೆ" ಅಂದರು ಅಪ್ಪ.