ಕಾಫಿ ಲೆಕ್ಕದ ಸೂತ್ರ ಮತ್ತು ರೆಜೆಕ್ಸ್ ಎಂಬ ಶಾರ್ಟ್‌ಕಟ್

ಚಿಕ್ಕಮಗಳೂರು, ಹಾಸನ ಕಡೆಯ ಕಾಫಿ ವ್ಯಾಪಾರಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವ ಗೆಳೆಯರೇ, ಲೆಕ್ಕದ ಸೂತ್ರವನ್ನು ವ್ಯಾಪಾರಿಯೇ ಟೈಪ್ ಮಾಡಲಿ ಅಂತ ಬಿಟ್ಟಿದ್ದೀರಿ, ಒಳ್ಳೆಯದೇ. ಆದರೆ ಅದಕ್ಕೆ ಯಾವ ಯಾವ ಅಂಕಿ ಬೇಕು ಅನ್ನುವುದನ್ನು ಪಠ್ಯದಲ್ಲಿ ಮಾದರಿ ಹುಡುಕುವ ರೆಜೆಕ್ಸ್‌ನಿಂದ ಹೆಕ್ಕುವುದನ್ನು ದಯವಿಟ್ಟು ನಿಲ್ಲಿಸಿ.

ರೋಬಸ್ಟಾ ಚೆರಿಯ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣಿನ, ಲೆಕ್ಕವನ್ನೇ ನೋಡಿ:

ರೌಂಡ್(ತೂಕ / 50 * ಓಟಿ * ರೇಟ್) - ಹಮಾಲಿ

50 ಕೆ.ಜಿ. ಚೆರಿ ಹಲ್ಲಿಂಗ್ ಮಾಡಿದರೆ (ಸಿಪ್ಪೆ ತೆಗೆದರೆ) ಎಷ್ಟು ಕೆ.ಜಿ. ಕ್ಲೀನ್ ಕಾಫಿ ಬರುತ್ತದೋ ಅದು ಓಟಿ. ರೇಟ್ ಓಟಿಯ ಒಂದು ಪಾಯಿಂಟಿನದು, ಅಂದರೆ ಒಂದು ಕೆ.ಜಿ. ಕ್ಲೀನ್ ಕಾಫಿಯದು. ಕೇಳಬೇಕಾದ ಅಂಕಿ ನಾಲ್ಕೇ. ಇದರ ಮೇಲೆ ಪೈಥಾನ್ ಜೊತೆಗೇ ಬರುವ ರೆಜೆಕ್ಸ್‌ನ ಬ್ಯಾಕ್‌ಸ್ಲ್ಯಾಷ್ ಡಬ್ಲ್ಯೂ (ಅಕ್ಷರ, ಅಂಕಿಗಳನ್ನು ಹಿಡಿಯುವ ಗುರುತು) ಓಡಿಸಿದರೆ ‘ತೂಕ’ ಒಡೆದು ‘ತ’, ‘ಕ’ ಆಗುತ್ತದೆ. ನಡುವಿನ ಊಕಾರದ ಚಿಹ್ನೆ ಅದರ ಪಾಲಿಗೆ ಅಕ್ಷರವೇ ಅಲ್ಲ. 50 ಕೂಡ ಪಟ್ಟಿಗೆ ಬರುತ್ತದೆ, ರೌಂಡ್‌ನ ಚೂರುಗಳೂ ಬರುತ್ತವೆ. ಅದೇ ಪೈಥಾನ್‌ನ ಪಾರ್ಸರ್ (ಕೋಡ್ ಓದಿ ಅದರ ರಚನೆ ಬಿಡಿಸುವ ಭಾಗ) ‘ತೂಕ’ವನ್ನು ಇಡಿಯಾಗಿ ಒಂದು ಹೆಸರೆಂದೇ ಓದುತ್ತದೆ.

ಹಾಗಾಗಿ ಸೂತ್ರವನ್ನು ಪೈಥಾನಿನ ಏಎಸ್‌ಟಿ ಮಾಡ್ಯೂಲಿಗೆ ಇವಾಲ್ (ಒಂದೇ ಲೆಕ್ಕವನ್ನಷ್ಟೇ ಒಪ್ಪುವ) ಮೋಡ್‌ನಲ್ಲಿ ಕೊಟ್ಟು ಪಾರ್ಸ್ ಮಾಡಿಸಿ. ಅದು ಸೂತ್ರವನ್ನು ಓಡಿಸುವುದಿಲ್ಲ, ಅದರ ರಚನೆಯನ್ನು ತೋರಿಸುವ ಮರ (ಸಿಂಟ್ಯಾಕ್ಸ್ ಟ್ರೀ) ಕಟ್ಟಿಕೊಡುತ್ತದೆ ಅಷ್ಟೇ. ಮರದಲ್ಲಿ ಹೆಸರುಗಳನ್ನು ಹೊತ್ತ ‘ನೇಮ್’ ನೋಡ್‌ಗಳೇ ನಿಮ್ಮ ಪಟ್ಟಿ. ಫಂಕ್ಷನ್ ಹೆಸರೂ ‘ನೇಮ್’ ಆಗಿಯೇ ಬರುವುದರಿಂದ, ‘ಕಾಲ್’ (ಫಂಕ್ಷನ್ ಕರೆಯುವ) ನೋಡ್‌ನ ಫಂಕ್ಷನ್ ಜಾಗದಲ್ಲಿ ಕೂತದ್ದನ್ನು ಬಿಡಿ. ಪೈ ಥರದ ಸ್ಥಿರಾಂಕಗಳನ್ನೂ ತೆಗೆಯಿರಿ. ಸಂಖ್ಯೆ, ಹೆಸರು, ಕೂಡು-ಕಳೆ-ಗುಣಿಸು-ಭಾಗಿಸು, ಹೋಲಿಕೆ, ಷರತ್ತು, ನೀವು ಒಪ್ಪಿದ ಫಂಕ್ಷನ್ ಇವನ್ನು ಬಿಟ್ಟು ಬೇರೇನು ಕಂಡರೂ ಸೂತ್ರ ತಿರಸ್ಕರಿಸಿ. ಸೂತ್ರದ ಮೇಲೆ ನೇರ ಇವಾಲ್ (ಬರೆದದ್ದನ್ನು ಓಡಿಸುವ ಫಂಕ್ಷನ್) ಓಡಿಸಿ ‘ನೇಮ್ ಎರರ್’ (ಈ ಹೆಸರು ಗೊತ್ತಿಲ್ಲ ಎಂಬ ದೂರು) ಹಿಡಿಯುವವರಿಗೆ ಒಂದು ಸಲಕ್ಕೆ ಒಂದೇ ಹೆಸರು ಸಿಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಹೊರಗಿನವರು ಬರೆದದ್ದನ್ನೆಲ್ಲ ಸರ್ವರ್‌ನಲ್ಲಿ ಓಡಿಸಿದ ಹಾಗಾಗುತ್ತದೆ.

ಕನ್ನಡ ಟೈಪಿಂಗ್‌ನಲ್ಲಿ ಇನ್ನೊಂದು ಕಾಟವಿದೆ. ‘ರೇಟ್’ನ ಕೊನೆಯ ಅರ್ಧಾಕ್ಷರದ ನಂತರ ಕೆಲವು ಕೀಬೋರ್ಡ್‌ಗಳು ಯು+200ಸಿ ಎಂಬ ಕಾಣದ ಅಕ್ಷರ ಸೇರಿಸುತ್ತವೆ. ಕಣ್ಣಿಗೆ ಎರಡೂ ಒಂದೇ, ಪಾರ್ಸರ್ ಮಾತ್ರ ಸಿಂಟ್ಯಾಕ್ಸ್ ಎರರ್ ಅನ್ನುತ್ತದೆ. ಪದದ ಕೊನೆಯಲ್ಲಿದ್ದರೆ ಮೊದಲೇ ಕಿತ್ತುಹಾಕಿ, ನಡುವೆ ಇದ್ದರೆ ಅದರ ಬದಲು ಅಂಡರ್‌ಸ್ಕೋರ್ ಹಾಕಿ. ಕನ್ನಡ ಅಂಕಿಗಳನ್ನೂ ಆಗಲೇ 0-9ಕ್ಕೆ ತಿರುಗಿಸಿಬಿಡಿ.

ತೇವಾಂಶ ಮಿತಿ ದಾಟಿದರೆ ಮಾತ್ರ ಕಡಿತ ಅನ್ನುವ ಷರತ್ತು ಇದ್ದರೆ? ಮರ ಎಲ್ಲ ಹೆಸರನ್ನೂ ಕೊಡುತ್ತದೆ. ಸೂತ್ರ ಸೇವ್ ಮಾಡುವಾಗ ಪೂರ್ತಿ ಪಟ್ಟಿ ತೋರಿಸಿ, ‘ಹಮಲಿ’ ಥರದ ಕಾಗುಣಿತದ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಬಿಲ್ ಹಾಕುವಾಗ ತೇವಾಂಶ ಕಡ್ಡಾಯ. ಕಡಿತದ ದರ ಷರತ್ತು ನಿಜವಾದಾಗ ಮಾತ್ರ. ಖಾಲಿ ಬಿಟ್ಟ ಜಾಗವನ್ನು ಮಾತ್ರ 0 ಅಂತ ಓದಬೇಡಿ. ಹಮಾಲಿ ಇಲ್ಲದಿದ್ದರೆ 0 ಅಂತ ಅವರೇ ಒತ್ತಲಿ, ಅಲ್ಲಿಯವರೆಗೆ ಬಿಲ್ ಪ್ರಿಂಟ್ ಆಗಬಾರದು.