ಮೆಣಸು ನಮ್ಮ ತೋಟದಲ್ಲೇ ಇದೆಯಲ್ಲ

ಇಡೀ ಕೋಳಿ ರೋಸ್ಟ್ ಮಾಡಲು ಅಂಗಡಿಯ ಲೆಮನ್ ಪೆಪ್ಪರ್ ಪುಡಿ (ನಿಂಬೆ ಸಿಪ್ಪೆ, ಕಾಳುಮೆಣಸು ಬೆರೆತ ಮಸಾಲೆ) ಸಾಕು ಎಂದು ಕೋಳಿ ರೋಸ್ಟ್ ಬಗ್ಗೆ ನೀವು ಬರೆದ ಲೇಖನದಲ್ಲಿದೆ. ನನಗೆ ಒಪ್ಪಿಗೆಯಿಲ್ಲ. ನಮ್ಮ ಮೂಡಿಗೆರೆ, ಸಕಲೇಶಪುರ ಕಡೆ ಕಾಫಿ ತೋಟದ ಸಿಲ್ವರ್ ಓಕ್ ಮರಗಳಿಗೆಲ್ಲ ಮೆಣಸಿನ ಬಳ್ಳಿ ಹಬ್ಬಿರುತ್ತದೆ. ಆ ಕಾಳನ್ನು ಆಗಲೇ ಕುಟ್ಟಿದಾಗ ಬರುವ ಘಮ ಪ್ಯಾಕೆಟ್ಟಿನಲ್ಲಿ ಎಲ್ಲಿ ಸಿಗುತ್ತದೆ? ಪುಡಿ ಮಾಡಿಟ್ಟರೆ ಖಾರ ಉಳಿಯುತ್ತದೆ, ಆದರೆ ಘಮದ ಎಣ್ಣೆ ಬೇಗ ಹಾರಿಹೋಗುತ್ತದೆ.

ಈ ಮಸಾಲೆಯನ್ನು ಮನೆಯಲ್ಲೇ ಮಾಡಲು ಕಿತ್ತಳೆ, ನಿಂಬೆ ಸಿಪ್ಪೆಯ ಬಣ್ಣದ ಮೇಲ್ಪದರ ಮಾತ್ರ ತುರಿಯಿರಿ. ಒಳಗಿನ ಬಿಳಿ ಭಾಗ ಕಹಿ. ತುರಿಯನ್ನು ನೆರಳಲ್ಲಿ ಒಣಗಿಸಿ. ನಮ್ಮ ಮಳೆಗಾಲದಲ್ಲಾದರೆ ಒಲೆ ಪಕ್ಕ ಇಡಬೇಕು ಅಷ್ಟೇ. ತರಿತರಿ ಮೆಣಸು, ಉಪ್ಪು ಬೆರೆಸಿದರೆ ಮಸಾಲೆ ಸಿದ್ಧ.

ಕೋಳಿಗೆ ನಿಂಬೆರಸ ಹಚ್ಚಿ ರಾತ್ರಿಯಿಡೀ ಬಿಡಿ ಎಂದೂ ಲೇಖನದಲ್ಲಿ ಹೇಳಿದ್ದೀರಿ. ದಯವಿಟ್ಟು ಬೇಡ, ಹುಳಿ ಜಾಸ್ತಿ ಹೊತ್ತು ಇದ್ದರೆ ಮಾಂಸ ಮೆತ್ತಗಾಗಿ ರುಚಿ ಕೆಡುತ್ತದೆ. ಬದಲಿಗೆ ಒಣ ಮಸಾಲೆ ಸವರಿ ಫ್ರಿಜ್ಜಿನಲ್ಲಿ ಮುಚ್ಚದೆ ಇಡಿ. ಚರ್ಮ ಒಣಗಿ, ಬೆಂದಾಗ ಗರಿಗರಿಯಾಗುತ್ತದೆ. ಚರ್ಮ ಬಿಡಿಸಬೇಡಿ ಅಂತ ಕೋಳಿ ಅಂಗಡಿಯಲ್ಲಿ ಮೊದಲೇ ಹೇಳಬೇಕು, ಅಲ್ವಾ? ಸ್ವಲ್ಪ ಮಸಾಲೆಯನ್ನು ಬೆಣ್ಣೆಯಲ್ಲಿ ಕಲಸಿ ಚರ್ಮದ ಅಡಿಗೂ ಸವರಿ, ಅಲ್ಲಿ ಸಿಪ್ಪೆ ಸೀಯುವುದಿಲ್ಲ. ಗಡಿಯಾರ ನೋಡಿ ಇಳಿಸಬೇಡಿ. ತೊಡೆಯ ದಪ್ಪ ಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿರಬೇಕು.